ದಿಂಬಿನ ಬಾಯಿ

ಪೇಪರಿನ ಟೀವಿ ಪುಟವನ್ನು ಎನಿಡ್ ಪ್ರಾಬರ್ಟ್ ಬೆಳಿಗ್ಗೆಯಿಂದ ನಾಲ್ಕು ಸಲ ತೆಗೆದು ನೋಡಿದ್ದಳು. ನಾಲ್ಕು ಸಲವೂ ಅದು ಅಲ್ಲೇ ಇತ್ತು: ಮಧ್ಯಾಹ್ನ ಎರಡೂಕಾಲಕ್ಕೆ ಆ ಆಸ್ಪತ್ರೆ ಸಿನಿಮಾ. ವರ್ಷಕ್ಕೊಂದೋ ಎರಡೋ ಬರುತ್ತಲೇ ಇರುವ, ಅವೇ ಆರೇಳು ಮುಖಗಳು ಒಮ್ಮೆ ರೈಲ್ವೆಯವರಾಗಿ, ಒಮ್ಮೆ ಬೆಂಕಿ ಆರಿಸುವವರಾಗಿ ಬಂದು, ಅವೇ ಪೋಲಿ ಮಾತುಗಳನ್ನಾಡಿ, ಕೊನೆಗೆ ಯಾರದಾದರೂ ಚಡ್ಡಿ ಜಾರಿಸಿ ಹೋಗುವ ಸಿನಿಮಾಗಳ ಸಾಲಿನಲ್ಲಿ ಅದು ಹನ್ನೊಂದನೆಯದು. ಆಗಸ್ಟಿನ ರಜಾ ಸೋಮವಾರ. ದೇಶಕ್ಕೆ ದೇಶವೇ ಸಮುದ್ರದ ದಂಡೆಗೆ ಹೋಗಿ ಚಳಿಯಲ್ಲಿ ಕೂತಿರುತ್ತದೆ, ಹೋಗದವರು ಮನೆಯಲ್ಲಿ ಟೀವಿ ಹಚ್ಚಿರುತ್ತಾರೆ. ಮೊಟ್ಟೆ ಬೆಂದು ಗಟ್ಟಿಯಾಗಿತ್ತು. ಅದನ್ನು ಹಾಗೇ ತಿಂದಳು. ಇವತ್ತು ಆಸ್ಪತ್ರೆಗೆ ಹೋಗದಿದ್ದರೆ ಏನಾಯಿತು ಎಂದು ತನ್ನನ್ನೇ ಕೇಳಿಕೊಂಡಳು. ಪುಸ್ತಕದ ತಳ್ಳುಗಾಡಿ ಒಂದು ಸೋಮವಾರ ವಾರ್ಡಿಗೆ ಬರದಿದ್ದರೆ ಯಾರೂ ಸಾಯುವುದಿಲ್ಲ. ಆದರೆ ಆಸ್ಪತ್ರೆ ಮಿತ್ರರ ಸಂಘದ ಉಳಿದ ಹೆಂಗಸರೆಲ್ಲ ಊರಲ್ಲಿಲ್ಲ. ಮೂವತ್ತೊಂದು ವರ್ಷ ಒಂದು ದಿನವೂ ತಡವಾಗಿ ಬರದ ಸಿಸ್ಟರ್ ಪ್ರಾಬರ್ಟ್, ನಿವೃತ್ತಿಯಾದ ಮೇಲೆ ಇವತ್ತು ತಪ್ಪಿಸಿಕೊಂಡರೆ, ಯಾಕೆಂದು ಬೇರೆ ಯಾರಿಗೂ ಗೊತ್ತಾಗದಿದ್ದರೂ ಅವಳಿಗಂತೂ ಗೊತ್ತಾಗುತ್ತದೆ. ಕಿಟಕಿ ಪಕ್ಕದ ಒಂಬತ್ತನೇ ಹಾಸಿಗೆಯಲ್ಲಿ ವಿಲ್ಫ್ರೆಡ್ ಸ್ಟ್ಯಾನರ್ಡ್ ಮಲಗಿ ಹದಿನೈದು ದಿನವಾಗಿತ್ತು. ಪಿತ್ತಕೋಶದ ಕಲ್ಲು. ಎರಡು ಸಲ ಅವನ ಹಾಸಿಗೆಯ ಹತ್ತಿರ ತಳ್ಳುಗಾಡಿ ನಿಲ್ಲಿಸಿ, ಎರಡು ಸಲವೂ ಹೇಳಬೇಕೆಂದುಕೊಂಡದ್ದನ್ನು ಹೇಳದೆ, ಎರಡನೆಯ ಸಲ ಕಾಲುವೆಗಳ ಕುರಿತ ಪುಸ್ತಕವೊಂದನ್ನು ಕೊಟ್ಟು ಮುಂದೆ ಹೋಗಿದ್ದಳು. ಅವನು "ಥ್ಯಾಂಕ್ಯೂ ಸಿಸ್ಟರ್" ಎಂದಿದ್ದ. ಅಷ್ಟೇ. ವಾರ್ಡಿನಲ್ಲೂ ಒಂದು ಟೀವಿ ಇತ್ತು, ಅದನ್ನು ಕೊಡಿಸಿದ್ದು ಮಿತ್ರರ ಸಂಘ. ಸಂಘದ ಕಾರ್ಯದರ್ಶಿ ಅವಳೇ. ಈಸ್ಟರ್ ಹೊತ್ತಿಗೆ ಅದರ ರಿಬ್ಬನ್ ಕತ್ತರಿಸಿದವಳೂ ಅವಳೇ.

ವಾರ್ಡಿನ ಬಾಗಿಲು ತಳ್ಳಿದಾಗ ಅವಳ ಕಣ್ಣು ಮೊದಲು ಹೋಗುವುದು ಮುಖಗಳ ಮೇಲಲ್ಲ, ದಿಂಬುಗಳ ಮೇಲೆ. ದಿಂಬಿನ ಚೀಲದ ತೆರೆದ ಬಾಯಿ ಬಾಗಿಲಿಗೆ ಬೆನ್ನು ಹಾಕಿರಬೇಕು. ಒಳಗೆ ಬಂದವರಿಗೆ ಮಡಿಕೆಯ ನೀಟು ಮಾತ್ರ ಕಾಣಬೇಕು. ಮಂಚದ ಚಕ್ರಗಳೆಲ್ಲ ಒಂದೇ ಕಡೆ ತಿರುಗಿರಬೇಕು. ಹಾಗಿಲ್ಲದಿದ್ದರೆ ನರ್ಸುಗಳಿಗೆಲ್ಲ ಮುಖ್ಯಸ್ಥೆಯಾದ ಮೇಟ್ರನ್ ಬಾಗಿಲಲ್ಲೇ ನಿಂತು ಬಿಡುತ್ತಿದ್ದರು, ಒಳಗೆ ಬರುತ್ತಲೇ ಇರಲಿಲ್ಲ. ಈಗ ಮೇಟ್ರನ್ ಎಂಬ ಹುದ್ದೆಯೇ ಇಲ್ಲ. ಈಗಿನ ಹುಡುಗಿಯರು ದಿಂಬನ್ನು ಹೇಗೆ ಬಿದ್ದರೆ ಹಾಗೆ ಬಿಡುತ್ತಾರೆ. ಎನಿಡ್ ತಳ್ಳುಗಾಡಿಯ ಹಿಡಿಯನ್ನು ಬಿಗಿಯಾಗಿ ಹಿಡಿದು ಕೈಗೆ ಬೇರೆ ಕೆಲಸವಿಲ್ಲದಂತೆ ನೋಡಿಕೊಂಡಳು.

"ಓಹೋ, ಬಂದ್ರು ನೋಡ್ರಪ್ಪಾ!" ಎಂದ ರೆಗ್ ಡಾಕೆಟ್. ಕಾಲಿಗೆ ಪ್ಲಾಸ್ಟರ್ ಹಾಕಿ ಮೇಲಕ್ಕೆ ಕಟ್ಟಿಸಿಕೊಂಡಿದ್ದ ತರಕಾರಿ ಅಂಗಡಿಯವನು. ಹೊಸ ಬಡಾವಣೆಗೆ ಬಂದು ಮೂರು ವರ್ಷವಾಗಿದ್ದರೂ ಊರನ್ನೇ ತಾನು ಕಟ್ಟಿಸಿದವನಂತೆ ಮಾತಾಡುತ್ತಿದ್ದ. "ಸಿಸ್ಟರ್, ಇವತ್ತು ಪುಸ್ತಕ ಗಿಸ್ತಕ ಬೇಡ ಕಣ್ರೀ. ಎರಡೂಕಾಲಕ್ಕೆ ಏನಿದೆ ಗೊತ್ತಲ್ಲ?"

"ಗೊತ್ತು, ಮಿಸ್ಟರ್ ಡಾಕೆಟ್."

"ನರ್ಸುಗಳ ಸಿನಿಮಾ! ಅದ್ರಲ್ಲಿರೋ ಥರ ನರ್ಸುಗಳು ನಮಗ್ಯಾಕೆ ಸಿಗಲ್ಲ ಅಂತ? ನಮಗೆ ಸಿಕ್ಕಿರೋದು ನೋಡಿ..."

"ನಿಮಗೆ ಸಿಕ್ಕಿರೋದು ಎನೀಮಾ, ನಾಳೆ ಬೆಳಿಗ್ಗೆ ಆರಕ್ಕೆ," ಎಂದಳು ಆಚೆ ಕಡೆ ಜ್ವರ ನೋಡುತ್ತಿದ್ದ ನರ್ಸ್ ಹುಡುಗಿ, ತಲೆ ಎತ್ತದೆ. ವಾರ್ಡು ನಕ್ಕಿತು. ಒಂಬತ್ತನೇ ಹಾಸಿಗೆ ನಗಲಿಲ್ಲ, ಸಿಟ್ಟೂ ಆಗಲಿಲ್ಲ; ಕಾಲುವೆ ಪುಸ್ತಕವನ್ನು ಎದೆಯ ಮೇಲಿಟ್ಟುಕೊಂಡು ಕಿಟಕಿಯಾಚೆ ಬಾಯ್ಲರ್ ಮನೆಯ ಹೊಗೆ ನೋಡುತ್ತಿತ್ತು. ಅವನ ತಲೆ ಪೂರ್ತಿ ಬೋಳಾಗಿದೆ ಎಂಬುದನ್ನು ಅವಳು ಇವತ್ತೇ ಗಮನಿಸಿದಂತಾಯಿತು. ಮೊದಲು ಅದು ಯಾವಾಗಲೂ ಟೋಪಿಯ ಕೆಳಗಿರುತ್ತಿತ್ತು.

ಆಗ ಅವನು ಏಳನೇ ನಂಬರ್ ಬಸ್ಸಿನ ಕಂಡಕ್ಟರ್. ದಿನಾ ಬೆಳಿಗ್ಗೆ ಆರೂಮುಕ್ಕಾಲಕ್ಕೆ ಅವಳು ಬಸ್ಸು ಹತ್ತುವಾಗ ಎರಡು ಬೆರಳಿನಿಂದ ಟೋಪಿಯ ಮುಂದಣ ಅಂಚು ಹಿಡಿದು, ಒಂದು ಅಂಗುಲ ನೇರ ಮೇಲಕ್ಕೆತ್ತಿ, ಒಂದು ಗಳಿಗೆ ಹಾಗೇ ಹಿಡಿದು, ಮೆಲ್ಲಗೆ ಇಳಿಸುತ್ತಿದ್ದ, ಕಾಫಿ ಪಾತ್ರೆಯ ಮುಚ್ಚಳ ತೆಗೆದು ಒಳಗೆ ಉಕ್ಕುತ್ತಿದೆಯೋ ಇಲ್ಲವೋ ನೋಡಿದ ಹಾಗೆ. ಅವಳಿಗೊಬ್ಬಳಿಗೇ ಅಲ್ಲ, ಹತ್ತುವ ಪ್ರತಿ ಹೆಂಗಸಿಗೂ, ಮುದುಕಿಗೂ, ಸ್ಕೂಲಿನ ಹುಡುಗಿಗೂ. ಮದುವೆಯಾಗಿರಲಿಲ್ಲ. ಐವತ್ತೈದನೇ ವಯಸ್ಸಿನಲ್ಲಿ ಹರ್ನಿಯಾ ಆಪರೇಷನ್ನಿಗೆ ಬಂದು ಸೇರಿದ. ಆಪರೇಷನ್ನಿಗೆ ಮುಂಚೆ ಕೆಳಗೆ ಕೂದಲು ಬೋಳಿಸಬೇಕಲ್ಲ, ಆ ಕೆಲಸ ನರ್ಸ್ ಬ್ರೆನನ್ ಎಂಬ ಐರಿಷ್ ಹುಡುಗಿಗೆ ಬಂತು. ಹುಡುಗಿಗೆ ಹತ್ತೊಂಬತ್ತು. ಹಾಸಿಗೆಯ ಸುತ್ತ ಪರದೆ ಎಳೆದು, ಬಟ್ಟಲು ಬಿಸಿನೀರು ಇಟ್ಟುಕೊಂಡು ನಿಂತವಳಿಗೆ ಅವನು ಗೋಡೆಯ ಕಡೆ ಮುಖ ಮಾಡಿ ಕೇಳಿದ್ದು ಒಂದೇ ಒಂದು: "ತಪ್ಪು ತಿಳೀಬೇಡಮ್ಮಾ, ನನ್ನ ಟೋಪಿ ಕೊಡ್ತೀಯಾ?" ಕೊಟ್ಟಳು. ಅವನು ಹಾಕಿಕೊಂಡ. ಕಂಡಕ್ಟರ್ ಟೋಪಿ ತಲೆಯ ಮೇಲೆ, ಅಂಗಿ ಹೊಟ್ಟೆಯ ಮೇಲಕ್ಕೆ, ಅದರಾಚೆ ಸೋಪಿನ ನೊರೆ. ಕಣ್ಣು ಮುಚ್ಚಿಕೊಂಡಿದ್ದ. ಆಗ ಸಿಸ್ಟರ್ ಪ್ರಾಬರ್ಟ್ ಕೇಳದೆ ಕೆಮ್ಮದೆ ಪರದೆ ಸರಿಸಿ ಒಳಗೆ ಬಂದಳು, ಹುಡುಗಿ ಬ್ಲೇಡು ಸರಿಯಾಗಿ ಹಿಡಿದಿದ್ದಾಳೋ ಇಲ್ಲವೋ ನೋಡಲು. ಅವನು ಕಣ್ಣು ಬಿಟ್ಟ. ಅವಳನ್ನು ಕಂಡ. ಎರಡು ಬೆರಳು ಎತ್ತಿ, ಟೋಪಿಯ ಅಂಚು ಹಿಡಿದು, ಒಂದು ಅಂಗುಲ ಮೇಲಕ್ಕೆತ್ತಿ, ಹಿಡಿದು, ಇಳಿಸಿದ. "ಗುಡ್ ಮಾರ್ನಿಂಗ್, ಸಿಸ್ಟರ್." ಆಗ ಅವಳು ನಗಲಿಲ್ಲ. ಅದೊಂದನ್ನು ತನ್ನ ಲೆಕ್ಕಕ್ಕೆ ಹಾಕಿಕೊಳ್ಳಬಹುದೇ ಎಂದು ಎಂಟು ವರ್ಷದಿಂದ ಯೋಚಿಸಿದ್ದಾಳೆ. ಆಗ ನಗಲಿಲ್ಲ. "ದಿಂಬು ನೋಡು ನರ್ಸ್, ಬಾಯಿ ಬಾಗಿಲ ಕಡೆಗಿದೆ," ಎಂದು ಹೇಳಿ ಹೊರಗೆ ಹೋದಳು.

ನಕ್ಕದ್ದು ಆಮೇಲೆ, ಸ್ಟುಡಿಯೋದ ಕ್ಯಾಂಟೀನಿನಲ್ಲಿ. ಸಿನಿಮಾದವರು ಮೇಟ್ರನ್‌ಗೆ ಕಾಗದ ಬರೆದಿದ್ದರು: ಟೋಪಿ, ಏಪ್ರನ್, ಹಾಸಿಗೆ ಎಲ್ಲ ಸರಿ ಇದೆಯೋ ಇಲ್ಲವೋ ನೋಡಲು ಅನುಭವಸ್ಥ ಸಿಸ್ಟರ್ ಒಬ್ಬರು ಬೇಕು, ರಜೆಯ ದಿನಗಳಲ್ಲಿ ಬಂದರೆ ಸಾಕು. ಮೇಟ್ರನ್ ಅವಳ ಹೆಸರು ಹೇಳಿದರು. ಕಾರು ಕಳಿಸುತ್ತಿದ್ದರು. ಐವತ್ತೆರಡು ವರ್ಷದ ಹೆಂಗಸು, ಮನೆಯಲ್ಲಿ ಒಂದು ಬೆಕ್ಕು. ಬಾಗಿಲಿಗೆ ಕಾರು ಬಂದು ನಿಂತರೆ ಅಕ್ಕಪಕ್ಕದ ಪರದೆಗಳು ಸರಿಯುವುದು ಅವಳಿಗೆ ಇಷ್ಟವಾಗುತ್ತಿತ್ತು, ಇಲ್ಲವೆಂದರೆ ಸುಳ್ಳು. ಅಲ್ಲಿ ಅವಳಿಗೊಂದು ಕುರ್ಚಿ. ಕುರ್ಚಿಯ ಬೆನ್ನಿನ ಮೇಲೆ ಸೀಮೆಸುಣ್ಣದಲ್ಲಿ 'ಸಿಸ್ಟರ್'. ಚಹಾದ ಹೊತ್ತಿಗೆ ಎಲ್ಲರೂ ಅವಳ ಸುತ್ತ ಕೂಡುತ್ತಿದ್ದರು. ಚಿತ್ರಕತೆ ಬರೆಯುವವನು, ಸಿನಿಮಾದ ಹಾಸ್ಯಗಾರ, ಏಪ್ರನ್ ಹಾಕಿಕೊಂಡ ಹುಡುಗಿಯರು. "ಹೇಳಿ ಸಿಸ್ಟರ್, ನಿಜವಾಗ್ಲೂ ನಡೆದಿದ್ದು ಹೇಳಿ, ನಮ್ಮ ತಲೇಲಿ ಎಲ್ಲಾ ಖಾಲಿ." ಅಷ್ಟು ವರ್ಷ ವಾರ್ಡಿನಲ್ಲಿ ಎಲ್ಲರ ಬಾಯಿ ಮುಚ್ಚಿಸಿದವಳ ಬಾಯಿ ತೆರೆಸಲು ಒಂದು ಬಿಸಿ ಬನ್ನು ಸಾಕಾಯಿತು. ಟೋಪಿಯ ಕತೆ ಹೇಳಿದಳು. ಹೆಸರು ಹೇಳಲಿಲ್ಲ. ಹೆಸರು ಹೇಳಲಿಲ್ಲವಲ್ಲ! ಅವರು ಮೇಜು ಗುದ್ದಿ ನಕ್ಕರು. ಅಷ್ಟು ಜನ ಒಟ್ಟಿಗೆ ಅವಳ ಮಾತಿಗೆ ನಕ್ಕದ್ದು ಹುಟ್ಟಿದ ಮೇಲೆ ಅದೇ ಮೊದಲು. ಹಾಸ್ಯಗಾರ ಮಾತ್ರ ನಗಲಿಲ್ಲ, ಕೆಲಸದವನ ಹಾಗೆ ನೋಡುತ್ತಿದ್ದ. "ಹೇಗೆ ಎತ್ತಿದ ಅಂದ್ರಿ ಸಿಸ್ಟರ್? ಇನ್ನೊಂದ್ಸಲ ತೋರಿಸಿ." ಅವಳು ಬನ್ನಿನ ಚೂರನ್ನು ತಟ್ಟೆಯಲ್ಲಿ ಬಿಟ್ಟು, ಎರಡು ಬೆರಳೆತ್ತಿ ತೋರಿಸಿದಳು. "ಮೇಲೆ ಹಿಡಿದ್ಬಿಟ್ಟು ಸ್ವಲ್ಪ ನಿಲ್ಲಿಸ್ತಾನೆ ಅಲ್ವಾ?" "ಹೌದು, ಸ್ವಲ್ಪ ನಿಲ್ಲಿಸ್ತಾನೆ." "ಇನ್ನೊಂದ್ಸಲ." ಮೂರು ಸಲ ತೋರಿಸಿದಳು. ಮೂರನೆಯ ಸಲಕ್ಕೆ ಅವನಿಗೆ ಬಂದುಬಿಟ್ಟಿತು, ಸ್ಟ್ಯಾನರ್ಡನಿಗಿಂತ ಚೆನ್ನಾಗಿ.

"ಸಿಸ್ಟರ್, ಬಣ್ಣ ಸ್ವಲ್ಪ ಸರಿ ಮಾಡ್ತೀರಾ? ನಮ್ಮ ಪ್ರಧಾನಿ ಹಸಿರಾಗಿ ಕಾಣ್ತಿದಾರೆ," ಎಂದ ಡಾಕೆಟ್. ಟೀವಿಯ ಮುಂದೆ ಅವಳೇ ನಿಂತಿದ್ದಳು. ನಡೆಯಬಲ್ಲ ನಾಲ್ವರು ಕುರ್ಚಿಗಳನ್ನು ಎಳೆದುಕೊಂಡು ಬಂದು ಕೂತಿದ್ದರು, ಮಿಕ್ಕವರಿಗೆ ದಿಂಬು ಏರಿಸಿಯಾಗಿತ್ತು. ಗೋಡೆಯ ಪ್ಲಗ್ಗು ಅವಳ ಮೊಣಕಾಲಿನ ಹತ್ತಿರ. ಬಗ್ಗಿ ಎಳೆದು, ಫ್ಯೂಸು ಹೋಯಿತು ಎಂದರೆ ಮುಗಿಯಿತು. ರಜಾ ದಿನ ಯಾವ ಎಲೆಕ್ಟ್ರಿಷಿಯನ್ನೂ ಬರುವುದಿಲ್ಲ. ಬಗ್ಗಲೂ ಬಗ್ಗಿದಳು. ಆದರೆ ಬಗ್ಗಿದಾಗ ಒಂಬತ್ತನೇ ಹಾಸಿಗೆ ಕಣ್ಣಿಗೆ ಬಿತ್ತು, ಅವನು ಕಿಟಕಿ ಬಿಟ್ಟು ಅವಳ ಕೈಯನ್ನೇ ನೋಡುತ್ತಿದ್ದ. ಸುಮ್ಮನೆ ನೋಡುತ್ತಿದ್ದ, ಬಸ್ಸು ಹತ್ತಿದವರು ಚಿಲ್ಲರೆ ಹುಡುಕುವುದನ್ನು ಕಾಯುವವನ ಹಾಗೆ. ಅವಳು ಬಣ್ಣದ ಗುಂಡಿ ತಿರುಗಿಸಿದಳು. ಸಂಗೀತ ಶುರುವಾಯಿತು, ಕಹಳೆ, ಡೋಲು, ದೊಡ್ಡ ಕೆಂಪಕ್ಷರ.

ಊರಿನ ಥಿಯೇಟರಿನಲ್ಲಿ ಮೊದಲ ದಿನವೇ ನೋಡಿದ್ದಳು. ಹೊಸ ಕೋಟು ಹಾಕಿಕೊಂಡು ಹೋಗಿದ್ದಳು. ಕತ್ತಲಲ್ಲಿ ಆ ಹಾಸ್ಯಗಾರ, ಗುಂಡು ಟೋಪಿ ಹಾಕಿಕೊಂಡು ಮಲಗಿ, ಮೂವರು ನರ್ಸುಗಳ ನಡುವೆ ನೊರೆಯಲ್ಲಿ ಮುಳುಗಿ, ದಪ್ಪ ಮೇಟ್ರನ್ ಒಳಗೆ ಬಂದೊಡನೆ ಎರಡು ಬೆರಳೆತ್ತಿ, ಅಂಚು ಹಿಡಿದು, ಒಂದು ಅಂಗುಲ, ನಿಲ್ಲಿಸಿ... ಮೇಟ್ರನ್ ಗುಡುಗಿದಳು, "ಹೆಂಗಸರ ಮುಂದೆ ಟೋಪಿ ತೆಗೀಬೇಕು ಅಂತ ಗೊತ್ತಿಲ್ವೇನ್ರಿ?" ಅವನು ಟೋಪಿ ತೆಗೆದ; ತೆಗೆದದ್ದನ್ನು ಎಲ್ಲಿಡಬೇಕೆಂದು ಒಂದು ಗಳಿಗೆ ಯೋಚಿಸಿ, ಇಡಬೇಕಾದಲ್ಲೇ ಇಟ್ಟ. ಥಿಯೇಟರು ಕಿತ್ತುಹೋಗುವ ಹಾಗೆ ನಕ್ಕಿತು. ಆ ನಗೆಯ ಮಧ್ಯೆ, ಮೂರು ಸಾಲು ಹಿಂದೆ, ಒಂದು ಹೆಂಗಸಿನ ದನಿ: "ಅಯ್ಯೋ, ಇದು ನಮ್ಮ ಏಳನೇ ನಂಬರ್ ಬಸ್ಸಿನವನು ಕಣೇ! ಹೋದ ವರ್ಷ ಆಸ್ಪತ್ರೇಲಿದ್ನಲ್ಲ!" ಹೆಸರು ಹೇಳಿರಲಿಲ್ಲ ಅವಳು. ಎರಡು ಬೆರಳು ಸಾಕಾಗಿತ್ತು. ಅದರ ಮುಂದಿನ ಸೋಮವಾರದಿಂದ ಬಸ್ಸಿನಲ್ಲಿ ಗಂಡಸರು ಹತ್ತುವಾಗ ಇಳಿಯುವಾಗ ಅವನಿಗೆ ಟೋಪಿ ಎತ್ತಿದರು, ಟೋಪಿ ಇಲ್ಲದವರು ಮಡಚಿದ ಪೇಪರನ್ನು ಎಲ್ಲಿ ಹಿಡಿಯಬೇಕೋ ಅಲ್ಲಿ ಹಿಡಿದು ತೋರಿಸಿದರು. ಹೆಂಗಸರು ನಗು ತಡೆಯಲು ಕಿಟಕಿಯ ಕಡೆ ತಿರುಗಿದರು. ಅವಳು ಆ ಸೋಮವಾರವೂ ಆರೂಮುಕ್ಕಾಲಕ್ಕೇ ಹತ್ತಿದಳು. ಅವನ ಕೈ ಅರ್ಧಕ್ಕೆ ಮೇಲೆದ್ದು, ನಿಂತು, ಟಿಕೆಟ್ ಯಂತ್ರದ ಮೇಲೆ ಇಳಿಯಿತು. ತಿಂಗಳೊಳಗೆ ಡಿಪೋದಲ್ಲಿ ಬಸ್ಸು ತೊಳೆಯುವ ಕೆಲಸ ಕೇಳಿ ಪಡೆದ. ಅಲ್ಲಿ ಟೋಪಿ ಹಾಕಬೇಕಾಗಿರಲಿಲ್ಲ.

ಪರದೆಯೊಳಗೆ ಅವತ್ತು ಇದ್ದದ್ದು ಮೂವರೇ. ವಿಷಯ ಹೊರಗೆ ಹೇಳಿದ್ದು ಯಾರೆಂದು ತಿಳಿಯಲು ಮೇಟ್ರನ್ ಇಬ್ಬರು ಹೆಂಗಸರನ್ನೂ ಕರೆಸಿದರು. ಬ್ರೆನನ್ ಹುಡುಗಿಗೆ ಕೇಳುವುದಕ್ಕೆ ಮುಂಚೆಯೇ ಮುಖ ಕೆಂಪಗಾಯಿತು. ಅವಳಿಗೆ ಎಲ್ಲದಕ್ಕೂ ಕೆಂಪಗಾಗುತ್ತಿತ್ತು. "ನಾನಲ್ಲ ಮೇಟ್ರನ್," ಎಂದಳು, ಆದರೆ ಎಷ್ಟು ಸಣ್ಣ ದನಿಯಲ್ಲೆಂದರೆ ಅದು ಒಪ್ಪಿಕೊಂಡ ಹಾಗೇ ಕೇಳಿಸಿತು. ತಾವೇ ಆರಿಸಿ ಸ್ಟುಡಿಯೋಕ್ಕೆ ಕಳಿಸಿದ್ದ ಸಿಸ್ಟರ್ ಪ್ರಾಬರ್ಟಳನ್ನು ಮೇಟ್ರನ್ ಕೇಳಲೇ ಇಲ್ಲ. "ನಿಮ್ಮನ್ನ ಕರೆಸಿದ್ದು ಸಾಕ್ಷಿಗೆ, ಸಿಸ್ಟರ್," ಎಂದರು. ಆ ಕೋಣೆಯ ಗೋಡೆ ಗಡಿಯಾರದಲ್ಲಿ ಹತ್ತು ಗಂಟೆ ಇಪ್ಪತ್ತು ನಿಮಿಷವಾಗಿತ್ತು. ಎನಿಡ್ ಅದನ್ನೇ ನೋಡುತ್ತ ನಿಂತಳು. ಹುಡುಗಿಯನ್ನು ಮುದುಕರ ವಾರ್ಡಿಗೆ ಹಾಕಿದರು. ಆರು ವಾರಕ್ಕೆ ಅವಳು ಕೆಲಸ ಬಿಟ್ಟು ಊರಿಗೆ ಹೋದಳು ಎಂದು ಯಾರೋ ಊಟದ ಹೊತ್ತಿನಲ್ಲಿ ಹೇಳಿದರು.

"ಏಯ್, ಬಂತು ಬಂತು, ಇದೇ ಸೀನು! ಎಲ್ಲರೂ ಸುಮ್ನಿರ್ರೋ," ಎಂದ ಡಾಕೆಟ್. ಪೆಟ್ಟಿಗೆಯೊಳಗೆ ಪರದೆ ಸರಿಯಿತು. ಗುಂಡು ಟೋಪಿ. ನೊರೆ. ಮತ್ತು ಎನಿಡ್‌ಳ ಕಣ್ಣು ತಾನೇ ತಾನಾಗಿ ಹೋಗಿ ನಿಂತದ್ದು ಅವನ ತಲೆಯ ಕೆಳಗಿನ ದಿಂಬಿನ ಮೇಲೆ. ಸರಿಯಾಗಿತ್ತು. ಅದರ ಬಾಯಿ ಬಾಗಿಲಿಗೆ ಬೆನ್ನು ಹಾಕಿತ್ತು. ಸರಿ ಮಾಡಿಸಿದವಳು ಅವಳು. ಕ್ಯಾಮೆರಾ ತಿರುಗುತ್ತಿದ್ದಾಗಲೇ, ನಲವತ್ತು ಜನ ಉಸಿರು ಹಿಡಿದು ನಿಂತಿದ್ದಾಗ, ಅವಳು ಆ ಕುರ್ಚಿಯಿಂದ ಎದ್ದು "ನಿಲ್ಲಿಸಿ!" ಎಂದು ಕೂಗಿದ್ದಳು. ಎಲ್ಲರೂ ತಿರುಗಿ ನೋಡಿದರು. ಆ ಕ್ಷಣ, ದೇವರಾಣೆಗೂ ಆ ಒಂದು ಕ್ಷಣ, ಅವಳಿಗೆ ಬೇರೇನೋ ಹೇಳಬೇಕೆನಿಸಿತ್ತು, ಗಂಟಲಿನವರೆಗೂ ಬಂದಿತ್ತು. "ದಿಂಬಿನ ಬಾಯಿ ಬಾಗಿಲ ಕಡೆಗಿದೆ," ಎಂದಳು. ನಿರ್ದೇಶಕ ನಿಟ್ಟುಸಿರಿಟ್ಟ. ಹುಡುಗರು ಚಪ್ಪಾಳೆ ತಟ್ಟಿದರು. ಯಾರೋ ದಿಂಬು ತಿರುಗಿಸಿದರು, ಅವಳು ಕೂತಳು, ಕ್ಯಾಮೆರಾ ಮತ್ತೆ ತಿರುಗಿತು.

ಎರಡು ಬೆರಳು ಮೇಲೆದ್ದವು. ಟೋಪಿ ಒಂದು ಅಂಗುಲ ಏರಿತು. ವಾರ್ಡು ನಗಲು ಬಾಯಿ ತೆರೆಯುವಷ್ಟರಲ್ಲಿ ಎನಿಡ್ ಟೀವಿಯ ಮುಂದೆ ಬಂದು ನಿಂತಿದ್ದಳು.

"ಇದು ಇದೇ ವಾರ್ಡಲ್ಲಿ ನಡೆದದ್ದು," ಎಂದಳು. ದನಿ ತೀರಾ ಜೋರಾಯಿತು, ಹಳೆಯ ಸಿಸ್ಟರಿನ ದನಿ. "ಇದನ್ನ ಸಿನಿಮಾದವರಿಗೆ ಹೇಳಿದ್ದು ನಾನು. ಬೇರೆ ಯಾರೂ ಅಲ್ಲ. ನಾನೇ."

ಡಾಕೆಟ್ ಪ್ಲಾಸ್ಟರ್ ಕಾಲು ತೂಗಾಡುವ ಹಾಗೆ ಚಪ್ಪಾಳೆ ಹೊಡೆದ. "ಅಬ್ಬಬ್ಬಾ ಸಿಸ್ಟರ್! ನೀವಾ? ಇಷ್ಟು ದಿನ ಬಾಯಿ ಬಿಟ್ಟಿಲ್ವಲ್ರೀ! ನಾನು ಈ ಸೀನು ನೋಡಿ ನಮ್ಮ ಹೆಂಡ್ತಿ ಮೇಲೆ ಬಿದ್ದುಬಿದ್ದು ನಕ್ಕಿದ್ದೆ!" ಉಳಿದವರೂ ತಟ್ಟಿದರು. ಯಾರೋ ಸಿಳ್ಳೆ ಹಾಕಿದರು. ನರ್ಸ್ ಹುಡುಗಿ ಕೂಡ ಥರ್ಮಾಮೀಟರ್ ಹಿಡಿದುಕೊಂಡು ಹತ್ತಿರ ಬಂದು, "ನಿಜವಾಗ್ಲೂ ಸಿಸ್ಟರ್? ನಿಮ್ಮನ್ನ ನೋಡಿದ್ರೆ ಹಾಗನ್ಸೋದೇ ಇಲ್ಲ!" ಎಂದಳು, ಮೆಚ್ಚಿಕೊಂಡು. ಎನಿಡ್ ಕೈ ಆಡಿಸಿದಳು, ಅಲ್ಲ, ಅಲ್ಲ, ಹಾಗಲ್ಲ ಎಂದು. ಅದು ಅವರಿಗೆ ವಿನಯದ ಹಾಗೆ ಕಂಡಿತು. ಕ್ಯಾಂಟೀನಿನ ಅದೇ ಬಿಸಿ ಮತ್ತೆ ಕೆನ್ನೆಗೆ ಏರುತ್ತಿತ್ತು.

"ಹಂಗಾದ್ರೆ ಯಾರು ಆ ಪುಣ್ಯಾತ್ಮ?" ಎಂದ ಡಾಕೆಟ್. "ಹೇಳಿ, ಹೇಳಿ. ಇದೇ ಊರಿನೋನಾ? ಬದುಕಿದಾನಾ? ಯಾವ ಹಾಸಿಗೆ?"

ಹದಿನಾಲ್ಕು ಮುಖಗಳು ಅವಳನ್ನು ನೋಡುತ್ತಿದ್ದವು. ಆಗ ಅವಳಿಗೆ ತಾನೇನು ಮಾಡಿದ್ದೇನೆಂದು ಹೊಳೆಯಿತು. ಎಂಟು ವರ್ಷ ಹೊತ್ತದ್ದನ್ನು ಇಳಿಸಿಬಿಡುವ ಆತುರದಲ್ಲಿ, ಮತ್ತೆ ಪರದೆ ಸರಿಸಿ ಒಳಗೆ ನುಗ್ಗಿದ್ದಳು, ಕೇಳದೆ, ಕೆಮ್ಮದೆ. ಕಿಟಕಿಯ ಕಡೆ ನೋಡಬಾರದು, ನೋಡಬಾರದು ಎಂದು ಕುತ್ತಿಗೆ ಬಿಗಿ ಹಿಡಿದಳು, ಹಿಡಿದದ್ದೇ ಎಲ್ಲರಿಗೂ ಕಾಣುತ್ತಿದೆ ಎನಿಸಿತು. ಹೆಸರೊಂದನ್ನು ಹುಟ್ಟಿಸಲು ಹೋದಳು.

"ಸ್ವಲ್ಪ ಈಚೆ ಬನ್ನಿ, ಸಿಸ್ಟರ್," ಎಂದಿತು ಕಿಟಕಿ ಕಡೆಯ ದನಿ, ನಿಧಾನವಾಗಿ, ಬಸ್ಸಿನೊಳಗೆ ಜನರನ್ನು ಸರಿಸುವ ದನಿ. "ಅಡ್ಡ ನಿಂತಿದೀರಿ. ಟೀವಿ ಕಾಣ್ತಿಲ್ಲ."

"ಹೌದ್ಹೌದು, ಸರೀರಿ ಸಿಸ್ಟರ್, ಕತೆ ಆಮೇಲೆ," ಎಂದರು ಕುರ್ಚಿಯವರು. ಅವಳು ಸರಿದಳು. ಪೆಟ್ಟಿಗೆಯೊಳಗೆ ಟೋಪಿ ಅಷ್ಟರಲ್ಲಿ ಇಡಬೇಕಾದಲ್ಲಿ ಇಟ್ಟಾಗಿತ್ತು. ವಾರ್ಡು ನಕ್ಕಿತು. ಸ್ಟ್ಯಾನರ್ಡ್ ಉಳಿದವರ ಜೊತೆ ಕೊನೆಯವರೆಗೂ ನೋಡಿದ, ನಗಲಿಲ್ಲ, ಮುಖ ತಿರುಗಿಸಲೂ ಇಲ್ಲ. ಕೊನೆಯಲ್ಲಿ ಯಾರದೋ ಚಡ್ಡಿ ಜಾರಿತು. ಡಾಕೆಟ್ ಆಸೆಪಟ್ಟಷ್ಟು ಚೆನ್ನಾಗಿರಲಿಲ್ಲವಂತೆ.

ಚಹಾ ಬಂದು ಹೋದ ಮೇಲೆ ಅವಳು ತಳ್ಳುಗಾಡಿಯನ್ನು ಒಂಬತ್ತನೇ ಹಾಸಿಗೆಯ ಹತ್ತಿರ ನಿಲ್ಲಿಸಿದಳು. ಪಕ್ಕದವನು ನಿದ್ದೆ ಹೋಗಿದ್ದ.

"ಮಿಸ್ಟರ್ ಸ್ಟ್ಯಾನರ್ಡ್," ಎಂದಳು. "ನಾನು..."

"ಈ ಕಾಲುವೆ ಪುಸ್ತಕ ಮುಗೀತು," ಎಂದ ಅವನು. "ಇನ್ನೊಂದು ಭಾಗ ಇದೆಯಂತಲ್ಲ?"

"ತರ್ತೀನಿ. ನಾನು ಅವತ್ತೇ ಬಂದು ನಿಮಗೆ..."

"ನನಗೆ ಅವತ್ತೇ ಗೊತ್ತಾಯ್ತು, ಸಿಸ್ಟರ್." ಅವನ ದನಿಯಲ್ಲಿ ಸಿಟ್ಟಿರಲಿಲ್ಲ. ಇದ್ದಿದ್ದರೆ ಹಿಡಿದುಕೊಳ್ಳಲು ಏನಾದರೂ ಸಿಗುತ್ತಿತ್ತು. "ನಾನೂ ಹೋಗಿದ್ದೆ ಥಿಯೇಟರಿಗೆ. ಡ್ರೈವರ್ ಎಳಕೊಂಡು ಹೋದ, ಒಳ್ಳೇ ತಮಾಷೆ ಇದೆ ಬಾರಯ್ಯಾ ಅಂತ. ದಿಂಬು ನೋಡ್ದೆ. ಬೇರೆ ಯಾವ ಸಿನಿಮಾದಲ್ಲೂ ದಿಂಬು ಹಂಗಿರಲ್ಲ. ಆ ಬ್ರೆನನ್ ಹುಡುಗಿಗೆ ದಿಂಬು ನೆಟ್ಟಗಿಡೋಕೇ ಬರ್ತಿರ್ಲಿಲ್ಲ, ನೀವು ದಿನಾ ಬೈತಿದ್ರಿ, ನಾನು ಮಲಗಿ ಕೇಳ್ತಿದ್ದೆ."

ಎನಿಡ್ ತಳ್ಳುಗಾಡಿಯ ಪುಸ್ತಕಗಳ ಬೆನ್ನು ಒಂದೇ ಸಾಲಿಗೆ ಬರುವ ಹಾಗೆ ಸರಿಪಡಿಸತೊಡಗಿದಳು.

"ಅವಳು ಊರಿಗೆ ಹೊರಟ ದಿನ ನಾನು ಡಿಪೋ ಗೇಟಲ್ಲಿದ್ದೆ. ಪೆಟ್ಟಿಗೆ ಸ್ಟೇಷನ್ನಿನವರೆಗೂ ಹೊತ್ತುಕೊಟ್ಟೆ. ಅತ್ತಳು. ನಾನಲ್ಲ ಅಂದಳು. ಗೊತ್ತಮ್ಮಾ ಅಂದೆ. ಯಾರು ಅಂತ ಅವಳಿಗೂ ಗೊತ್ತಿತ್ತು." ಅವನು ಪುಸ್ತಕ ಮುಚ್ಚಿ ಅವಳ ಕಡೆ ಚಾಚಿದ. "ನೀವು ಹೇಳ್ತೀರಿ ಅಂತ ಕಾದೆ. ಒಂದೆರಡು ವರ್ಷ ಕಾದೆ. ಆಮೇಲೆ ಮರೆತೆ. ಇವತ್ತು ಯಾಕೆ ಹೇಳಿದ್ರಿ?"

ಅವಳ ಕೈಗಳು ಏನಾದರೂ ಮಾಡಲೇಬೇಕಾಗಿತ್ತು. ಅವನ ತಲೆಯ ಕೆಳಗಿನ ದಿಂಬು ಓರೆಯಾಗಿತ್ತು, ಚೀಲದ ಬಾಯಿ ಬಾಗಿಲಿನ ಕಡೆ ತೆರೆದುಕೊಂಡು ಒಳಗಿನ ಪಟ್ಟೆ ಬಟ್ಟೆ ಕಾಣುತ್ತಿತ್ತು. ಅವಳು ಬಗ್ಗಿ ಅದರ ಮೂಲೆ ಹಿಡಿದಳು.

"ಬಿಡಿ, ಸಿಸ್ಟರ್," ಎಂದ ಸ್ಟ್ಯಾನರ್ಡ್. "ಅದು ಹಾಗೇ ಇರಲಿ."

ಅವಳು ಕೈ ತೆಗೆದಳು. ಪುಸ್ತಕವನ್ನು ಗಾಡಿಯಲ್ಲಿಟ್ಟು, ಹಾಸಿಗೆಗಳ ನಡುವಿನ ಆ ಉದ್ದನೆಯ ದಾರಿಯಲ್ಲಿ ನೂಕಿಕೊಂಡು ಹೊರಟಳು, "ಮುಂದಿನ ವಾರ ಹೆಸರು ಹೇಳ್ಬೇಕು ನೋಡಿ!" ಎಂದು ಡಾಕೆಟ್ ಕೂಗಿದ್ದು ಬೆನ್ನಿಗೆ ಬಿತ್ತು. ಬಾಗಿಲ ಹತ್ತಿರ ಬಂದಾಗ ಮೂವತ್ತೊಂದು ವರ್ಷದ ಅಭ್ಯಾಸ ಅವಳನ್ನು ನಿಲ್ಲಿಸಿ ತಿರುಗಿಸಿತು. ಪಾಳಿ ಮುಗಿಸಿ ಹೋಗುವ ಮುಂಚೆ ಒಂದು ಸಲ ವಾರ್ಡು ನೋಡಬೇಕು, ಎಲ್ಲ ನೆಟ್ಟಗಿದೆಯೇ ಎಂದು. ಎರಡೂ ಸಾಲಿನಲ್ಲಿ, ಒಂದಾದ ಮೇಲೊಂದು, ದಿಂಬುಗಳೆಲ್ಲ ಅವಳ ಕಡೆಗೇ ಬಾಯಿ ತೆರೆದುಕೊಂಡಿದ್ದವು.